ಇಪ್ಪತ್ತೇಳನೇ ಕಲಮು: ಪಂಚರ ಕಟ್ಟೆಯಿಂದ ಬಿಲ್ಡರನ ಕರಾರಿನವರೆಗೆ

ಹೋದ ಮಳೆಗಾಲದಲ್ಲಿ ನಮ್ಮ ಬಳಗದ ಒಬ್ಬರ ಕಾಕಾ ಮೂಡಲಗಿ ಕಡೆಯಿಂದ ಗೋಕಾಕಕ್ಕೆ ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರೊಳಗೆ ಹೊಸ ಮನೆಯ ಕಾಗದಪತ್ರ. ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಕುಳಿತು ಕರಾರುಪತ್ರ ತೆಗೆದರು. ನಲವತ್ತು ಪುಟ, ಪೂರಾ ಇಂಗ್ಲಿಷ್.

"ಇದರಾಗ ಇಪ್ಪತ್ತೇಳನೇ ಕಲಮಿನಾಗ ಏನ್ ಬರದಾರ, ಓದಿ ಹೇಳ್ರಪಾ. ಕೋರ್ಟು ಕಚೇರಿ ಅಂತ ಎಲ್ಲಿಗೂ ಹೋಗಾಕ ಬರಂಗಿಲ್ಲ ಅಂತಾರ ಅವರು."

ಕಾಕಾ ಲೇಔಟ್ ಒಂದರಲ್ಲಿ ಕಟ್ಟಿದ ಮನೆ ತೆಗೆದುಕೊಂಡಿದ್ದಾರೆ. ಕಬ್ಬಿನ ಬಿಲ್ಲು, ಮಗನ ಪಗಾರದ ಮೇಲೆ ಬ್ಯಾಂಕ್ ಸಾಲ, ಕಾಕುನ ಬಂಗಾರ, ಎಲ್ಲ ಸೇರಿ 18 ಲಕ್ಷ. ಕೀಲಿ ಕೈಗೆ ಬಂದು ಒಂದು ವರ್ಷವೂ ಆಗಿಲ್ಲ. ಮೊದಲ ಮಳೆಗೇ ಸ್ಲ್ಯಾಬಿನಿಂದ ನೀರು ಇಳಿಯಿತು. ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಬಿರುಕು ಬಿಟ್ಟಿತು. ಕಂಪನಿಯವರು ಒಬ್ಬ ಗೌಂಡಿಯನ್ನು ಕಳಿಸಿ ಬಿರುಕಿಗೆ ಬಿಳಿ ಸಿಮೆಂಟು ಬಳಿಸಿದರು. ಎರಡನೇ ಮಳೆಗೆ ಅದೂ ಕಿತ್ತು ಬಂತು. ಆಮೇಲೆ ಫೋನು ಮಾಡಿದರೆ ಒಂದೇ ಮಾತು: ಇಪ್ಪತ್ತೇಳನೇ ಕಲಮು ಓದಿಕೊಳ್ಳಿ.

ನಾವು ಓದಿದೆವು. ಈ ಕರಾರಿನ ಬಗ್ಗೆ ಯಾವ ತಕರಾರು ಬಂದರೂ ಅದು ಆರ್ಬಿಟ್ರೇಷನ್‌ಗೇ ಹೋಗಬೇಕು. ಆರ್ಬಿಟ್ರೇಟರನ್ನು ಕಂಪನಿಯೇ ನೇಮಿಸುತ್ತದೆ. ಕೂಡುವ ಜಾಗ ಬೆಂಗಳೂರು. ಅವರ ತೀರ್ಪೇ ಅಂತಿಮ.

ಆರ್ಬಿಟ್ರೇಷನ್ ಅಂದರೆ ಮಧ್ಯಸ್ತಿಕೆ, ನಮ್ಮ ಮಾತಿನಲ್ಲಿ ಪಂಚಾಯ್ತಿ. ಕಾಕಾನಿಗೆ ಹಾಗೆಯೇ ಹೇಳಿದೆವು. ಅವರು ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: "ಪಂಚರನ್ನ ಅವರಽ ಕರಕೊಂಡು ಬಂದ್ರ ಅದು ಪಂಚಾಯ್ತಿ ಹೆಂಗ ಆಕ್ಕೈತಿ?"

ಅವರ ಪ್ರಶ್ನೆ ಸರಿ ಇತ್ತು. ಅದಕ್ಕೆ ಉತ್ತರ ಹುಡುಕುತ್ತ ನಾವು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ನಮ್ಮ ಬೆಳಗಾವಿ ಸೀಮೆಗೆ ಪಂಚಾಯ್ತಿ ಹೊಸದಲ್ಲ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಕೊಟ್ಟ ಸಾಲ, ಬಿಟ್ಟುಹೋದ ಹೆಂಡತಿ, ಎಲ್ಲಕ್ಕೂ ದೈವ ಕೂಡುತ್ತಿತ್ತು. 1818ರಲ್ಲಿ ಪೇಶ್ವೆಯ ಆಡಳಿತ ಮುಗಿದು ಈ ಸೀಮೆ ಹಂತ ಹಂತವಾಗಿ ಇಂಗ್ಲಿಷರ ಕೈ ಸೇರಿತು. ಗೆದ್ದ ಸೀಮೆಯನ್ನು ನೋಡಿಕೊಳ್ಳುತ್ತಿದ್ದ ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಸರ್ಕಾರಕ್ಕೆ ಒಂದು ದೊಡ್ಡ ವರದಿ ಕಳಿಸಿದ. ಮರಾಠರ ಕಾಲದಲ್ಲಿ ನ್ಯಾಯ ಹೇಗೆ ನಡೆಯುತ್ತಿತ್ತು ಎಂಬ ಭಾಗದಲ್ಲಿ ಅವನು ಹೆಚ್ಚು ಬರೆದದ್ದು ಪಂಚಾಯ್ತಿಯ ಬಗ್ಗೆಯೇ.

ಆ ವರದಿಯಲ್ಲಿ ಬರುವ ಪದ್ಧತಿ ಹೀಗೆ. ಮೊದಲು ಜಗಳ ಹುಟ್ಟಬೇಕು. ಆಮೇಲೆ ಎರಡೂ ಕಡೆಯವರು ಒಪ್ಪಿದ ಜನ ಪಂಚರಾಗಿ ಕೂಡಬೇಕು. ಕೂಡುವ ಮೊದಲು ಎರಡೂ ಕಡೆಯವರಿಂದ, ಪಂಚರು ಹೇಳಿದ್ದಕ್ಕೆ ನಾವು ಬದ್ಧರು ಎಂದು ಬರೆಸಿಕೊಳ್ಳಬೇಕು. ಆ ಕಾಗದದ ಹೆಸರು ರಾಜಿನಾಮೆ. ಈಗ ನಮಗೆ ರಾಜೀನಾಮೆ ಎಂದರೆ ಕುರ್ಚಿ ಬಿಡುವುದು. ಅವತ್ತು ಅದು ಒಪ್ಪಿಗೆಯ ಪತ್ರ. ರಾಜಿ ಎಂಬ ಮಾತು ಮಾತ್ರ ಇನ್ನೂ ಹಳೆಯ ಅರ್ಥದಲ್ಲೇ ಕೋರ್ಟಿನ ಆವರಣದಲ್ಲಿ ಓಡಾಡುತ್ತಿದೆ.

ಹಾಗಂತ ಹಳೆಯ ಪಂಚಾಯ್ತಿಯನ್ನು ಹೊಗಳಿ ಅಟ್ಟಕ್ಕೇರಿಸಲು ನಾವು ತಯಾರಿಲ್ಲ. ಪಂಚಾಯ್ತಿ ತಿಂಗಳುಗಟ್ಟಲೆ ಎಳೆಯುತ್ತಿತ್ತು, ಪಂಚರಿಗೆ ಪಗಾರವಿಲ್ಲ, ತೀರ್ಪು ಜಾರಿ ಮಾಡಿಸುವ ಅಧಿಕಾರವಿಲ್ಲ, ಲಂಚ ವಶೀಲಿ ನಡೆಯುತ್ತಿತ್ತು ಎಂದು ಎಲ್ಫಿನ್‌ಸ್ಟನ್ನೇ ದೋಷಗಳನ್ನೂ ಬರೆದಿದ್ದಾನೆ. ಅವನು ಒತ್ತಿ ಬರೆಯದ ಇನ್ನೊಂದು ಮಾತು ನಮ್ಮ ಊರಿನ ಯಾವ ಹಿರಿಯರಿಗಾದರೂ ಗೊತ್ತು. ಕಟ್ಟೆಯ ಮೇಲೆ ಕೂತವರು ಯಾರು, ಕೆಳಗೆ ಕೈಕಟ್ಟಿ ನಿಂತವರು ಯಾರು? ಹೆಣ್ಣುಮಕ್ಕಳು, ಕೇರಿಯವರು ಪಂಚರಾಗಿ ಕೂತದ್ದು ಯಾವಾಗ? ಆದರೂ ಆ ಪದ್ಧತಿಯಲ್ಲಿ ಒಂದು ಗಟ್ಟಿ ಅಂಶವಿತ್ತು. ಜಗಳ ಏನೆಂದು ಗೊತ್ತಾದ ಮೇಲೆ, ಪಂಚರು ಯಾರೆಂದು ಗೊತ್ತಾದ ಮೇಲೆ ಒಪ್ಪಿಗೆ ಕೇಳುತ್ತಿದ್ದರು.

ಎಲ್ಫಿನ್‌ಸ್ಟನ್ ಮುಂದೆ ಮುಂಬಯಿಯ ಗವರ್ನರ್ ಆದ. 1827ರಲ್ಲಿ ಅವನ ಕಾಲದಲ್ಲಿ ಬಂದ ಮುಂಬಯಿ ಕಟ್ಟಳೆಗಳಲ್ಲಿ ಏಳನೆಯದು ಮಧ್ಯಸ್ತಿಕೆಯದೇ. ವಾದಿ ಪ್ರತಿವಾದಿ ಬರೆದುಕೊಟ್ಟರೆ ಸಿವಿಲ್ ಜಗಳವನ್ನು ಪಂಚರ ಮುಂದೆ ಬಿಡಬಹುದು ಎಂಬ ದಾರಿ ಕಾಗದಕ್ಕೆ ಇಳಿಯಿತು. 1859ರ ಸಿವಿಲ್ ಪ್ರೊಸೀಜರ್ ಕೋಡಿನಲ್ಲೂ ಅದಕ್ಕೆ ಜಾಗ ಸಿಕ್ಕಿತು.

ನಂತರ ಬಂದದ್ದು 1872ರ ಕರಾರು ಕಾಯ್ದೆ. ಇದರ 28ನೇ ಕಲಂ ನಮ್ಮ ಕಥೆಗೆ ಮುಖ್ಯ. ಒಬ್ಬ ಮನುಷ್ಯ ತನ್ನ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನೇ ಪೂರ್ತಿ ತಡೆಯುವ ಕರಾರು ರದ್ದು ಎಂದು ಅದು ಹೇಳುತ್ತದೆ. ಆದರೆ ಅದರ ಬೆನ್ನಿಗೇ ಒಂದು ವಿನಾಯಿತಿ ಇದೆ: ಜಗಳವನ್ನು ಮಧ್ಯಸ್ತಿಕೆಗೆ ಒಪ್ಪಿಸುವ ಕರಾರು ನಡೆಯುತ್ತದೆ. ಮುಂದೆ ಕಂಪನಿಗಳು ಓಡಾಡಿದ್ದೆಲ್ಲ ಈ ಸಣ್ಣ ಬಾಗಿಲಿನಿಂದಲೇ.

1899ರಲ್ಲಿ ಮಧ್ಯಸ್ತಿಕೆಗೆ ಪ್ರತ್ಯೇಕ ಕಾಯ್ದೆ ಬಂತು. ಈಗಿರುವ ಜಗಳವಷ್ಟೇ ಅಲ್ಲದೆ ಮುಂದೆ ಹುಟ್ಟಬಹುದಾದ ಜಗಳವನ್ನೂ ಮೊದಲೇ ಪಂಚರಿಗೆ ಬರೆದುಕೊಡಬಹುದು ಎಂದು ಅದು ಒಪ್ಪಿಕೊಂಡಿತು. ಹಡಗಿನ ಮಾಲು, ಹತ್ತಿಯ ವ್ಯಾಪಾರ ಮಾಡುವ ಸಾಹುಕಾರರಿಗೆ ಇದು ಬೇಕಿತ್ತು. ಇಬ್ಬರೂ ವ್ಯಾಪಾರಿಗಳು, ಇಬ್ಬರಿಗೂ ವಕೀಲರಿದ್ದಾರೆ, ಇಬ್ಬರಿಗೂ ಸಮಯದ ಬೆಲೆ ಗೊತ್ತು. ಈ ಕಾಯ್ದೆ ಲಾಗೂ ಆದದ್ದು ಮುಂಬಯಿ, ಕಲ್ಕತ್ತಾ, ಮದ್ರಾಸಿನಂಥ ದೊಡ್ಡ ಪಟ್ಟಣಗಳಿಗೆ. ಗೋಕಾಕ, ಹುಕ್ಕೇರಿಯಂಥ ಒಳನಾಡಿಗೆ ಸಿವಿಲ್ ಕೋಡಿನ ನಿಯಮವೇ ಇತ್ತು. 1940ರ ಕಾಯ್ದೆ ಬಂದ ಮೇಲೆ ಪೇಟೆ ಹಳ್ಳಿಗಳ ಈ ವ್ಯತ್ಯಾಸ ಹೋಯಿತು.

ಅಷ್ಟರಲ್ಲಿ ನಮ್ಮ ಹಳ್ಳಿಗೆ ಮಧ್ಯಸ್ತಿಕೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿತ್ತು, ಸೊಸೈಟಿಯ ಬಾಗಿಲಿನಿಂದ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ್ದು ಶಾಲೆಯ ಪಾಠದಲ್ಲೇ ಬರುತ್ತದೆ. ಸಂಘ ಮತ್ತು ಸದಸ್ಯರ ಜಗಳವನ್ನು ಸಿವಿಲ್ ಕೋರ್ಟಿಗೆ ಒಯ್ಯದೆ ರಿಜಿಸ್ಟ್ರಾರರೋ ಅವರು ನೇಮಿಸಿದ ಪಂಚರೋ ಬಗೆಹರಿಸುವ ದಾರಿಯನ್ನು ಸಹಕಾರಿ ಕಾಯ್ದೆಗಳು ಮಾಡಿದವು. ಇವತ್ತಿಗೂ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಕಲಂ ಅದನ್ನೇ ಹೇಳುತ್ತದೆ. ಸೊಸೈಟಿಯ ಸಾಲ ತೆಗೆದ ಪ್ರತಿ ರೈತನಿಗೂ ಸೆವೆಂಟಿ ಕೇಸು ಎಂದರೆ ಗೊತ್ತು. ಗೃಹ ನಿರ್ಮಾಣ ಸಹಕಾರ ಸಂಘದಿಂದ ಪ್ಲಾಟು ತೆಗೆದುಕೊಂಡವರಿಗೂ ಇದೇ ಕಲಂ ತೋರಿಸುತ್ತಾರೆ.

ಮೂರನೇ ಬಾಗಿಲು ಸರ್ಕಾರಿ ಗುತ್ತಿಗೆಯದು. ರಸ್ತೆ, ಕಾಲುವೆ, ಸೇತುವೆ ಕಾಮಗಾರಿಯ ಟೆಂಡರ್ ಕಾಗದದಲ್ಲಿ, ತಕರಾರು ಬಂದರೆ ಇಲಾಖೆಯ ಹಿರಿಯ ಎಂಜಿನಿಯರರೇ ಮಧ್ಯಸ್ಥರು ಎಂದು ಬರೆಯುವ ರೂಢಿ ಬಹಳ ವರ್ಷ ನಡೆಯಿತು. ಬಿಲ್ಡರುಗಳು ಕಲಿತದ್ದು ಇಲ್ಲಿಂದಲೇ ಎಂದು ನಮ್ಮ ಅಂದಾಜು. ಇಲಾಖೆಯ ಎದುರು ಗುತ್ತಿಗೆದಾರನಾಗಿ ಸಹಿ ಮಾಡಿದ್ದ ಕಲಮನ್ನೇ ಅವನು ತಿರುಗಿಸಿ ಮನೆ ಕೊಳ್ಳುವವನ ಮುಂದೆ ಇಟ್ಟ.

ಮನೆ ಕೊಳ್ಳುವವನಿಗೆ ಆಗ ಬೇರೆ ದಾರಿ ಯಾವುದಿತ್ತು? ಸಿವಿಲ್ ಕೋರ್ಟು ಒಂದೇ. ಅದು ಬದಲಾದದ್ದು 1986ರಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಾಗ. ಅದರ 3ನೇ ಕಲಂ ಬಹಳ ಚಿಕ್ಕದು. ಈ ಕಾಯ್ದೆ ಬೇರೆ ಕಾಯ್ದೆಗಳ ಜೊತೆಗೆ ಹೆಚ್ಚುವರಿಯಾಗಿ ಇರುತ್ತದೆ, ಅವುಗಳನ್ನು ಕಡಿಮೆ ಮಾಡುವುದಿಲ್ಲ ಎಂಬ ಒಂದೇ ಮಾತು. ಮುಂದಿನ ಮೂವತ್ತು ವರ್ಷ ಜಗಳವೆಲ್ಲ ನಡೆದದ್ದು ಈ ಹೆಚ್ಚುವರಿ ಎಂಬ ಪದದ ಮೇಲೆ.

ಮೊದಲು ಮನೆ ಕಟ್ಟಿಕೊಡುವುದು ಸೇವೆಯೋ ಅಲ್ಲವೋ ಎಂಬುದೇ ತಕರಾರಾಗಿತ್ತು. 1993ರ ನವೆಂಬರ್‌ನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಮನೆ ಕಟ್ಟಿಕೊಡುವುದು ಸೇವೆ, ಸರ್ಕಾರಿ ಪ್ರಾಧಿಕಾರವಾದರೂ ಗ್ರಾಹಕನಿಗೆ ಉತ್ತರ ಕೊಡಬೇಕು. ಅದೇ ವರ್ಷದ ತಿದ್ದುಪಡಿಯಲ್ಲಿ ಮನೆ ನಿರ್ಮಾಣ ಎಂಬ ಪದ ಕಾಯ್ದೆಯೊಳಗೇ ಸೇರಿತು.

ನಂತರ ಮಧ್ಯಸ್ತಿಕೆಯ ಪ್ರಶ್ನೆ. ಕರಾರಿನಲ್ಲಿ ಆ ಕಲಂ ಇದೆ ಎಂಬ ಒಂದೇ ಕಾರಣಕ್ಕೆ ಗ್ರಾಹಕರ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಫೇರ್ ಏರ್ ಎಂಜಿನಿಯರ್ಸ್ ಪ್ರಕರಣದಲ್ಲಿ ಹೇಳಿತು. 2003ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ತಿರುಮುರುಗನ್ ಕೃಷಿ ಪತ್ತಿನ ಸಹಕಾರ ಸಂಘದ ಪ್ರಕರಣ ಬಂತು. ಸಹಕಾರಿ ಕಾಯ್ದೆಯಲ್ಲಿ ರಿಜಿಸ್ಟ್ರಾರರ ದಾರಿ ಇದ್ದರೂ ಸದಸ್ಯನು ಗ್ರಾಹಕರ ವೇದಿಕೆಗೆ ಹೋಗಬಹುದು ಎಂದಾಯಿತು. 70ನೇ ಕಲಮಿಗೆ ಹೆದರಿ ಕೂತ ಸೊಸೈಟಿ ಸದಸ್ಯರು ಇದನ್ನು ನೆನಪಿಡಬೇಕು.

ಇನ್ನೊಂದು ತೀರ್ಪು ನಮಗೆ ಎಲ್ಲಕ್ಕಿಂತ ಹತ್ತಿರದ್ದು, ಯಾಕೆಂದರೆ ಅದು ಮನೆಯದಲ್ಲ, ಬೀಜದ್ದು. ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದಿಂದ ಬೀಜ ತಂದು ಬಿತ್ತಿದರು. ಬೆಳೆ ಕೈಕೊಟ್ಟಿತು. ಕೆಲವರು ನಿಗಮಕ್ಕೇ ಬೀಜ ಬೆಳೆದುಕೊಡುವ ಕರಾರು ಮಾಡಿಕೊಂಡವರು. ಆ ಕರಾರಿನಲ್ಲಿ ಮಧ್ಯಸ್ತಿಕೆಯ ಕಲಮಿತ್ತು. ನಿಗಮ ಅದನ್ನೇ ಮುಂದಿಟ್ಟು, ಗ್ರಾಹಕರ ವೇದಿಕೆಗೆ ಇವರು ಬರುವಂತಿಲ್ಲ ಎಂದಿತು. 2012ರ ಜನವರಿ 16ರಂದು ಸುಪ್ರೀಂ ಕೋರ್ಟು ರೈತರ ಪರ ನಿಂತಿತು. ಮಧ್ಯಸ್ತಿಕೆ ಒಂದು ದಾರಿ, ಗ್ರಾಹಕರ ವೇದಿಕೆ ಇನ್ನೊಂದು, ಯಾವುದು ಬೇಕೆಂದು ಆರಿಸುವವನು ಗ್ರಾಹಕ. ಆದರೆ ಅದೇ ತೀರ್ಪಿನಲ್ಲಿ ಒಂದು ಎಚ್ಚರಿಕೆಯೂ ಇದೆ. ನೀವೇ ಮೊದಲು ಮಧ್ಯಸ್ತಿಕೆಯ ದಾರಿ ಹಿಡಿದರೆ ಆಮೇಲೆ ಹಿಂದಿರುಗಿ ಗ್ರಾಹಕರ ವೇದಿಕೆಗೆ ಬರಲು ಆಗಲಿಕ್ಕಿಲ್ಲ. ಆದ್ದರಿಂದ ಕಂಪನಿಯ ನೋಟಿಸಿಗೆ ಉತ್ತರ ಬರೆಯುವಾಗ, ನಿಮ್ಮ ಆರ್ಬಿಟ್ರೇಟರಿಗೆ ನಮ್ಮ ಒಪ್ಪಿಗೆ ಇದೆ ಎಂದು ಗೊತ್ತಿಲ್ಲದೆ ಸಹಿ ಹಾಕಬೇಡಿ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

2015ರಲ್ಲಿ ಮಧ್ಯಸ್ತಿಕೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಮೂಲ ಕಾಯ್ದೆ 1996ರದು. ವಿದೇಶಿ ಬಂಡವಾಳ ಬರುತ್ತಿದ್ದ ಕಾಲದಲ್ಲಿ 1940ರ ಹಳೆಯ ಕಾಯ್ದೆ ಕೆಲಸಕ್ಕೆ ಬಾರದು ಎಂದು ಮಾಡಿದ್ದು. ಅದರ 8ನೇ ಕಲಮಿಗೆ ಹೊಸ ಮಾತು ಸೇರಿಸಿದರು: ಸುಪ್ರೀಂ ಕೋರ್ಟಿನ ಅಥವಾ ಬೇರೆ ಯಾವುದೇ ಕೋರ್ಟಿನ ತೀರ್ಪು ಏನೇ ಇದ್ದರೂ, ಮೇಲುನೋಟಕ್ಕೆ ಸರಿಯಾದ ಮಧ್ಯಸ್ತಿಕೆ ಕರಾರು ಇದ್ದರೆ ಪ್ರಕರಣವನ್ನು ಮಧ್ಯಸ್ತಿಕೆಗೆ ಕಳಿಸಬೇಕು. ಬಿಲ್ಡರುಗಳ ವಕೀಲರಿಗೆ ಇಷ್ಟು ಸಾಕಾಯಿತು. 1996ರ ತೀರ್ಪು, 2012ರ ಬೀಜದ ತೀರ್ಪು ಎಲ್ಲ ಈಗ ಸತ್ತಹಾಗೆ ಎಂದು ವಾದ ಶುರುವಾಯಿತು.

ಆ ವಾದ ಕೊನೆ ಮುಟ್ಟಿದ್ದು ಪಂಜಾಬಿನ ಮೊಹಾಲಿಯ ಒಂದು ವಿಲ್ಲಾದ ಪ್ರಕರಣದಲ್ಲಿ. ಕಂಪನಿ ಎಮ್ಮಾರ್ ಎಂಜಿಎಫ್. ಕರಾರು 2008ರದು. ಮನೆ ಕೈಗೆ ಸಿಗಲಿಲ್ಲವೆಂದು ಕೊಂಡವರು 2015ರಲ್ಲಿ ದೆಹಲಿಯ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ಕಂಪನಿ ಹೊಸ 8ನೇ ಕಲಂ ತೋರಿಸಿತು. ಪ್ರಶ್ನೆ ದೊಡ್ಡದೆಂದು ಮೂವರ ಪೀಠ ಕೂತಿತು. 2017ರ ಜುಲೈ 13ರಂದು ಆಯೋಗ ಹೇಳಿತು: ಈ ಕಲಂ ನಮ್ಮ ಅಧಿಕಾರಕ್ಕೆ ಬೇಲಿ ಹಾಕಲಾರದು. ಗ್ರಾಹಕ ಕಾಯ್ದೆ ಸಾರ್ವಜನಿಕ ಹಿತಕ್ಕಾಗಿ ಮಾಡಿದ್ದು. ಇಬ್ಬರು ಸಹಿ ಮಾಡಿದ ಕಾಗದದಿಂದ ಅದನ್ನು ಬದಿಗೆ ಸರಿಸಲು ಬರುವುದಿಲ್ಲ.

ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಫೆಬ್ರವರಿ 13ರಂದು ಮೇಲ್ಮನವಿ ವಜಾ. ಮತ್ತೆ ಮರುಪರಿಶೀಲನೆ ಕೇಳಿತು. ಅದೇ ವರ್ಷ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟು ಉದ್ದಕ್ಕೆ ಕಾರಣ ಬರೆದು ಅದನ್ನೂ ವಜಾ ಮಾಡಿತು. 2015ರ ತಿದ್ದುಪಡಿಯ ಉದ್ದೇಶ ಮಧ್ಯಸ್ತಿಕೆಯಲ್ಲಿ ಕೋರ್ಟುಗಳು ಕೈ ಹಾಕುವುದನ್ನು ಕಡಿಮೆ ಮಾಡುವುದು. ಗ್ರಾಹಕನಿಗೆ ಬೇರೆ ಕಾಯ್ದೆ ಕೊಟ್ಟ ವಿಶೇಷ ಪರಿಹಾರವನ್ನು ಕಿತ್ತುಕೊಳ್ಳುವುದಲ್ಲ, ಎಂಬುದು ಅದರ ತಿರುಳು.

ಬಿಲ್ಡರುಗಳು ಇಲ್ಲಿಗೂ ಸುಮ್ಮನಾಗಲಿಲ್ಲ. ಹೈದರಾಬಾದಿನ ಒಂದು ವಿಲ್ಲಾ ಪ್ರಕರಣದಲ್ಲಿ, ಕೊಂಡವರು ಗ್ರಾಹಕ ಆಯೋಗಕ್ಕೆ ಹೋಗಿದ್ದರೂ ಬಿಲ್ಡರು ಇನ್ನೊಂದು ಕಡೆಯಿಂದ ತೆಲಂಗಾಣ ಹೈಕೋರ್ಟಿಗೆ ಹೋಗಿ, ಆರ್ಬಿಟ್ರೇಟರನ್ನು ನೇಮಿಸಿಕೊಡಿ ಎಂದು ಕೇಳಿದರು. 2023ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟು ಅದಕ್ಕೂ ಒಪ್ಪಲಿಲ್ಲ. ಗ್ರಾಹಕ ತಾನಾಗಿ ಮಧ್ಯಸ್ತಿಕೆ ಆರಿಸಿಕೊಂಡರೆ ಸರಿ. ಅವನ ಇಚ್ಛೆಗೆ ವಿರುದ್ಧವಾಗಿ ಎಳೆದೊಯ್ಯಲು ಬರುವುದಿಲ್ಲ.

ಇದೆಲ್ಲ ಎಲ್ಲ ದೇಶದಲ್ಲೂ ಹೀಗೇ ಆಯಿತು ಎಂದು ತಿಳಿಯಬೇಡಿ. ಅಮೆರಿಕದಲ್ಲಿ 1925ರ ಮಧ್ಯಸ್ತಿಕೆ ಕಾಯ್ದೆಯನ್ನು ವ್ಯಾಪಾರಿಗಳಿಗಾಗಿ ಮಾಡಿದ್ದರು. ಅಲ್ಲಿನ ಕೋರ್ಟುಗಳು ಅದನ್ನು ಹಿಗ್ಗಿಸುತ್ತ ಸಾಮಾನ್ಯ ಗಿರಾಕಿಯವರೆಗೂ ತಂದವು. 2011ರಲ್ಲಿ ಒಂದು ಮೊಬೈಲ್ ಕಂಪನಿಯ ಪ್ರಕರಣದಲ್ಲಿ, ಪುಕ್ಕಟೆ ಎಂದು ಕೊಟ್ಟ ಫೋನಿಗೆ ಸುಮಾರು 30 ಡಾಲರ್ ತೆರಿಗೆ ಹಾಕಿದರೆಂದು ದೂರಿದವರಿಗೆ ಅಲ್ಲಿನ ಸುಪ್ರೀಂ ಕೋರ್ಟು ಮಧ್ಯಸ್ತಿಕೆಯ ದಾರಿಯನ್ನೇ ತೋರಿಸಿತು. ಹೊಸ ಮನೆಯ ವಾರಂಟಿ ಕಾಗದದಲ್ಲೂ ಅಲ್ಲಿ ಇಂಥ ಕಲಂ ಮಾಮೂಲು. ನಮ್ಮ ದೇಶ ಬೇರೆ ದಾರಿ ಹಿಡಿದದ್ದಕ್ಕೆ ಆ ಹೆಚ್ಚುವರಿ ಎಂಬ ಒಂದು ಪದ ಕಾರಣ.

ಈಗ ಕಾಕಾನ ಮನೆಗೆ ವಾಪಸ್ ಬರೋಣ.

ಅವರ ಕರಾರಿನಲ್ಲಿ ಗ್ಯಾರಂಟಿ ಒಂದು ವರ್ಷ ಎಂದು ಬರೆದಿತ್ತು. ಆದರೆ 2016ರ ರೇರಾ ಕಾಯ್ದೆಯ 14ನೇ ಕಲಂ, ಮನೆ ಕೈಗೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ, ಬಿಲ್ಡರು 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಬೇಕು ಎನ್ನುತ್ತದೆ. ಸರಿಪಡಿಸದಿದ್ದರೆ ಪರಿಹಾರ ಕೊಡಬೇಕು. ಕರಾರಿನಲ್ಲಿ ಒಂದು ವರ್ಷ ಎಂದು ಬರೆದರೂ ರೇರಾಕ್ಕೆ ಒಳಪಟ್ಟ ಯೋಜನೆಗೆ ಐದು ವರ್ಷವೇ.

ತೊಡಕು ಇರುವುದು ಒಳಪಟ್ಟ ಎಂಬ ಮಾತಿನಲ್ಲಿ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಂದರೆ ಸುಮಾರು ಐದು ಗುಂಟೆ, ಅಥವಾ ಮನೆಗಳ ಸಂಖ್ಯೆ ಎಂಟು ಮೀರದಿದ್ದರೆ ರೇರಾದಲ್ಲಿ ನೋಂದಣಿ ಕಡ್ಡಾಯವಿಲ್ಲ. ನಮ್ಮ ಮೂರು ತಾಲ್ಲೂಕಿನಲ್ಲಿ ಇಬ್ಬರು ಮೂವರು ಕೂಡಿ ನಾಲ್ಕೈದು ಮನೆ ಕಟ್ಟಿ ಮಾರುವುದೇ ಹೆಚ್ಚು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಯೊಳಗೆ ನೀರು ನುಗ್ಗಿದ ಮೇಲೆ ಎತ್ತರದ ಜಾಗದ ಮನೆ, ಪ್ಲಾಟು ಕೇಳುವವರು ಹೆಚ್ಚಾದದ್ದನ್ನು ನಾವೇ ನೋಡಿದ್ದೇವೆ. ಹುಕ್ಕೇರಿ ತಾಲ್ಲೂಕಿನಲ್ಲಿ ಸಂಕೇಶ್ವರದ ಹೆದ್ದಾರಿ ಬದಿಗೆ ಎನ್‌ಎ ಪ್ಲಾಟಿನ ಬೋರ್ಡುಗಳು ಸಾಲುಗಟ್ಟಿವೆ. ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಮೂಡಲಗಿಯಲ್ಲೂ ಅದೇ ಓಟ. ದೊಡ್ಡ ಲೇಔಟಾದರೆ ಬೋರ್ಡಿನ ಮೇಲೆ ರೇರಾ ಸಂಖ್ಯೆ ಇದೆಯೇ ನೋಡಿ. ಇದ್ದರೆ ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಬಹುದು.

ರೇರಾ ಇಲ್ಲದಿದ್ದರೆ ಬಾಗಿಲು ಮುಚ್ಚಿತೇ? ಇಲ್ಲ. ಗ್ರಾಹಕ ಆಯೋಗಕ್ಕೆ ರೇರಾ ನೋಂದಣಿಯ ಹಂಗಿಲ್ಲ. ರೇರಾ ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು 2020ರ ನವೆಂಬರ್ 2ರಂದು ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ರಸ್ತೆ, ಗಟಾರ, ನೀರು ಮಾಡಿಕೊಡುತ್ತೇವೆಂದು ಹೇಳಿ ಮಾರಿದ ಪ್ಲಾಟೂ ಸೇವೆಯೇ ಎಂದು 2012ರಲ್ಲಿ ನಾರ್ನೆ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಆಗಿದೆ. ಏನೂ ಮಾಡಿಕೊಡುವ ಮಾತಿಲ್ಲದೆ ಬರೀ ಜಾಗ ಮಾರಿದ್ದರೆ ಅದು ಸೇವೆಯಲ್ಲ, ಸಿವಿಲ್ ಕೋರ್ಟೇ ಗತಿ. ಹಾಗೆಯೇ ಲಾಭಕ್ಕೆ ಮಾರಲೆಂದು ನಾಲ್ಕು ಮನೆ ಹಿಡಿದವರು ಗ್ರಾಹಕರೆನಿಸಿಕೊಳ್ಳುವುದು ಕಷ್ಟ.

ಹೊಸ ಗ್ರಾಹಕ ಕಾಯ್ದೆ 2019ರದು, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಹಳೆಯ 3ನೇ ಕಲಂ ಇದರಲ್ಲಿ 100ನೇ ಕಲಮಾಗಿ ಉಳಿದಿದೆ. ನಮ್ಮಂಥ ದೂರದ ಊರಿನವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಮೊದಲು ಕಂಪನಿಯ ಕಚೇರಿ ಇರುವಲ್ಲೋ ವ್ಯವಹಾರ ನಡೆದಲ್ಲೋ ದೂರು ಕೊಡಬೇಕಿತ್ತು. ಈಗ ದೂರುದಾರ ಇರುವ ಜಿಲ್ಲೆಯಲ್ಲೇ ಕೊಡಬಹುದು. ಕರಾರಿನಲ್ಲಿ ಬೆಂಗಳೂರು ಎಂದು ಬರೆದಿದ್ದರೂ ಕಾಕಾ ಬೆಳಗಾವಿಯ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು.

ಖರ್ಚಿನ ಲೆಕ್ಕ ಹಾಕಿದಾಗ ಕಾಕಾ ನಕ್ಕರು. ಮಧ್ಯಸ್ತಿಕೆ ಕಾಯ್ದೆಗೆ 2015ರಲ್ಲಿ ಸೇರಿಸಿದ ನಾಲ್ಕನೇ ಅನುಸೂಚಿಯಲ್ಲಿ ಮಾದರಿ ಶುಲ್ಕದ ಪಟ್ಟಿ ಇದೆ. 5 ಲಕ್ಷದವರೆಗಿನ ತಕರಾರಿಗೆ 45,000 ರೂಪಾಯಿ, ಆರ್ಬಿಟ್ರೇಟರ್ ಒಬ್ಬರೇ ಆದರೆ ಶೇಕಡಾ 25 ಹೆಚ್ಚು, ಒಟ್ಟು 56,250. ಸಾಮಾನ್ಯವಾಗಿ ಎರಡೂ ಕಡೆಯವರು ಹಂಚಿಕೊಳ್ಳುತ್ತಾರೆ. ಬೆಂಗಳೂರಿಗೆ ಹೋಗಿ ಬರುವ ಖರ್ಚು, ವಕೀಲರ ಫೀ ಬೇರೆ. ಅದೇ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗೆ ಹಣ ಕೊಟ್ಟು ಕೊಂಡದ್ದಕ್ಕೆ ಶುಲ್ಕವೇ ಇಲ್ಲ. 10ರಿಂದ 20 ಲಕ್ಷದೊಳಗೆ ಇದ್ದರೆ 400 ರೂಪಾಯಿ.

"ನಾಕ್ನೂರು? ಗೌಂಡಿ ಅರ್ಧಾ ದಿನದ ಪಗಾರ ಅದು" ಅಂದರು ಕಾಕಾ.

ಆದರೆ ಒಂದು ಮಾತು ಅವರಿಗೂ ಹೇಳಿದೆವು, ನಿಮಗೂ ಹೇಳುತ್ತೇವೆ. ಆಯೋಗದಲ್ಲಿ ಬೇಗ ಮುಗಿಯುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಕಾಯ್ದೆಯಲ್ಲಿ ತಿಂಗಳ ಲೆಕ್ಕ ಬರೆದಿದೆ, ತಾರೀಖುಗಳು ವರ್ಷದ ಲೆಕ್ಕದಲ್ಲಿ ಬರುತ್ತವೆ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶ. ಸಾಹೇಬರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾಯಿಸುತ್ತ ಎರಡು ವರ್ಷ ಕಳೆಯುವುದು ಕೆಲವರಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಫೋನಿನಲ್ಲಿ ಮಾತಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಬಿರುಕಿನ ಫೋಟೋ ತಾರೀಖು ಬರುವಂತೆ ತೆಗೆಯಿರಿ, ಸ್ಪೀಡ್ ಪೋಸ್ಟಿನಲ್ಲಿ ಕನ್ನಡದಲ್ಲೇ ಒಂದು ಪತ್ರ ಹಾಕಿ ರಸೀದಿ ಇಟ್ಟುಕೊಳ್ಳಿ. ಆಮೇಲೆ ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಮೊಬೈಲಿನಿಂದಲೂ ಹಾಕಬಹುದು. ಗ್ರಾಹಕ ಸಹಾಯವಾಣಿ 1915.

ಇನ್ನು ಕಾಕಾನ ಮೊದಲ ಪ್ರಶ್ನೆ ಬಾಕಿ ಉಳಿಯಿತು: ಪಂಚರನ್ನು ಒಂದೇ ಕಡೆಯವರು ಕರೆತಂದರೆ ಅದು ಪಂಚಾಯ್ತಿಯೇ? ಇದಕ್ಕೂ ಸುಪ್ರೀಂ ಕೋರ್ಟು ನಿಧಾನಕ್ಕೆ ಉತ್ತರ ಕೊಟ್ಟಿದೆ. ತಕರಾರಿನಲ್ಲಿ ಪಾಲಿರುವ ಕಂಪನಿಯ ಮುಖ್ಯಸ್ಥ ತಾನೇ ಮಧ್ಯಸ್ಥನಾಗುವಂತಿಲ್ಲ, ತನ್ನ ಪರವಾಗಿ ಇನ್ನೊಬ್ಬನನ್ನು ನೇಮಿಸುವಂತೆಯೂ ಇಲ್ಲ ಎಂದು 2017ರಲ್ಲಿ ಆಯಿತು. 2019ರ ನವೆಂಬರ್ 26ರಂದು ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಅದು ಇನ್ನೂ ಗಟ್ಟಿಯಾಯಿತು. 2024ರ ನವೆಂಬರ್ 8ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಒಂದೇ ಕಡೆಯವರು ಏಕೈಕ ಮಧ್ಯಸ್ಥನನ್ನು ನೇಮಿಸುವ ಕಲಂ ಸಮಾನತೆಗೆ ವಿರುದ್ಧ ಎಂದು ತೀರ್ಮಾನಿಸಿತು. ಅದು ರೈಲ್ವೆ ಗುತ್ತಿಗೆಯ ಜಗಳದಲ್ಲಿ ಬಂದ ತೀರ್ಪು, ದೊಡ್ಡ ದೊಡ್ಡ ವಕೀಲರು ವಾದಿಸಿದ್ದು. ಹೇಳಿದ್ದು ಮಾತ್ರ ಚಹಾದಂಗಡಿಯಲ್ಲಿ ಕಾಕಾ ಹೇಳಿದ್ದನ್ನೇ.

ಕಾಕಾ ಪೆನ್ನು ಇಸಿದುಕೊಂಡು ಕರಾರುಪತ್ರದ ಕೊನೇ ಪುಟದ ಹಿಂಬದಿಗೆ ಮೂರು ತಾರೀಖು ಬರೆಸಿಕೊಂಡರು: 13-7-2017, 10-12-2018, 9-10-2023. ಎದುರಿಗೆ ಕನ್ನಡದಲ್ಲಿ ಒಂದೊಂದು ಸಾಲು. ಮೂಡಲಗಿ ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ ಕೇಳಿದರು, "ಸ್ಲ್ಯಾಬಿನ ಫೋಟೋ ಮಳಿ ಬರೂ ಮುಂದ ತಗೀಬೇಕೋ, ನಿಂತ ಮ್ಯಾಲೋ?"

ಎರಡೂ ತೆಗೆಯಿರಿ ಅಂದೆವು.